ಮುಂಬಯಿಯಿಂದ ಬಂದವನು

ಮಂಜಗುಣಿಯ ಗಂಗೆಯ ಮನೆಯಲ್ಲಿ ಮೂರು ಅಮಾವಾಸ್ಯೆ ಕಾಗೆ ಅನ್ನ ಮುಟ್ಟಲಿಲ್ಲ. ಆ ಊರಿನಲ್ಲಿ ಕಾಗೆಗೇನು ಬರವೇ? ಗಂಗಾವಳಿ ಹೊಳೆ ಸಮುದ್ರ ಸೇರುವ ಜಾಗ ಅದು. ಮೀನು ಒಣಗಲು ಹಾಕಿದರೆ ಹೆಂಗಸರು ಕೋಲು ಹಿಡಿದು ಕೂರಬೇಕು, ಅಷ್ಟು ಪುಂಡ ಕಾಗೆಗಳು. ಅಂಥವು ಬೇಲಿಯ ಮೇಲೆ ಸಾಲಾಗಿ ಕೂತು, ಬಾಳೆಲೆಯ ಮೇಲಿದ್ದ ಅನ್ನವನ್ನೂ ಬಂಗಡೆಯನ್ನೂ ಓರೆಗಣ್ಣಿನಿಂದ ನೋಡಿ, ಇದು ನಮ್ಮ ಬಾಬತ್ತಲ್ಲ ಎನ್ನುವ ಹಾಗೆ ಹಾರಿಹೋದವು. ಗಂಗೆ ಸಂಜೆಯವರೆಗೂ ಎಲೆಯ ಮುಂದೆ ಕೂತಿದ್ದು, ಕೊನೆಗೆ ಅದನ್ನು ಹೊಳೆಗೆ ಬಿಡಿಸಿ, ತಾನು ಉಣ್ಣದೆ ಮಲಗಿದಳು.

ಎಲೆ ಇಟ್ಟದ್ದು ಅವಳ ಕಿರಿಯ ಮಗ ಬೊಮ್ಮುವಿಗೆ. ಆರು ವರ್ಷದಿಂದ ಅವನು ಮುಂಬಯಿಯಲ್ಲಿದ್ದ. ಮಸ್ಜಿದ್ ಬಂದರಿನ ವಖಾರಿಗಳಲ್ಲಿ ಹತ್ತಿಯ ಗಂಟು ಹೊರುತ್ತಿದ್ದ. ಮೂವತ್ತಾರನೆಯ ಇಸವಿಯ ಆಷಾಢದ ಮಳೆಯಲ್ಲಿ, ಇಳಿಜಾರು ರಸ್ತೆಯಲ್ಲಿ, ಗಂಟು ತುಂಬಿದ ಕೈಗಾಡಿ ಹಿಂದಕ್ಕೆ ಜಾರಿ ಅವನ ಮೇಲೆ ಬಂತು. ಅವನ ಗೆಳೆಯ, ಕಾರವಾರದ ಶಾಂತಾರಾಮ ಬರೆದ ಕಾರ್ಡು ಮಂಜಗುಣಿ ಮುಟ್ಟುವಾಗ ಹದಿನಾಲ್ಕು ದಿನ ಕಳೆದಿತ್ತು. ಜೊತೆಯವರೇ ಸುಟ್ಟು ಮುಗಿಸಿದ್ದರು. ಮನೆಯವರ ಪಾಲಿಗೆ ಒಂದು ಹಿಡಿ ಬೂದಿಯೂ ಉಳಿದಿರಲಿಲ್ಲ.

ಆ ಕಡೆ ಒಕ್ಕಲು ಮನೆಗಳಲ್ಲಿ ಸತ್ತ ಹಿರಿಯರನ್ನು ಹೊರಗೆ ಬಿಡುವುದಿಲ್ಲ. ಒಳಮನೆಯ ಮೂಲೆಯಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ತೆಂಗಿನಕಾಯಿ ಇಟ್ಟು, ಅಮಾವಾಸ್ಯೆಗೆ ಬಡಿಸುತ್ತಾರೆ. ಬೊಮ್ಮುವಿನ ಹೆಸರಿಗೂ ಒಂದು ಕಾಯಿ ಇಟ್ಟದ್ದಾಯಿತು. ಆದರೆ ಕಾಗೆ ಮುಟ್ಟಬೇಕಲ್ಲ! ಮೂರನೆಯ ಸಲವೂ ಹೀಗಾದ ಮೇಲೆ ದೊಡ್ಡ ಮಗ ಜಟ್ಟು ಹೋಗಿ, ಅಕ್ಕಿಕಾಳು ಹಾಕಿ ನೋಡಿ ಹೇಳುವ ಸುಕ್ರನನ್ನು ಕರೆತಂದ. ಸುಕ್ರ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಇದ್ರೊಳಗೆ ಯಾರೂ ಇಲ್ಲ ಗಂಗಕ್ಕ," ಎಂದ. "ಅಂವ ಬರ್ಲೇ ಇಲ್ಲ. ಬಿದ್ದ ಜಾಗದಾಗೇ ನಿಂತ್ಕಂಡಾನೆ. ಯಾರಾದ್ರೂ ಹೋಗಿ ಕರ್ಕಂಡು ಬರ್ಬೇಕು."

"ಬೊಂಬಾಯಿಗೆ?" ಎಂದಳು ಗಂಗೆ.

"ಮತ್ತೆಲ್ಲಿಗೆ? ಬಿದ್ದದ್ದು ಅಲ್ಲಲ್ವಾ?"

ಕಟ್ಟಳೆಯನ್ನೂ ಅವನೇ ಹೇಳಿದ. ಹೊಸ ಕಾಯಿ ಒಯ್ಯಬೇಕು. ಬಿದ್ದ ಜಾಗದಲ್ಲಿ ನಿಂತು ಮೂರು ಸಲ ಕರೆಯಬೇಕು. ಅಲ್ಲಿಂದ ಮನೆಯ ಹೊಸ್ತಿಲವರೆಗೆ ಯಾರ ಸಂಗಡವೂ ಮಾತಿಲ್ಲ, ತಿರುಗಿ ನೋಡುವುದಿಲ್ಲ, ಕಾಯಿಯನ್ನು ನೆಲಕ್ಕಿಡುವುದಿಲ್ಲ. ಹೊಸ್ತಿಲಲ್ಲಿ ತಾಯಿ "ಬಂದ್ಯಾ?" ಎಂದು ಕೇಳಬೇಕು. ಕಾಯಿ ತಂದವರು ಅವನ ಪರವಾಗಿ "ಬಂದೆ" ಎನ್ನಬೇಕು. ಅಷ್ಟಾದರೆ ಅವನು ಮನೆಯವನು. ಆಗದಿದ್ದರೆ ಆ ರಸ್ತೆಯಲ್ಲಿ ಹಸಿದುಕೊಂಡು ನಿಂತೇ ಇರುತ್ತಾನೆ, ನೂರು ವರ್ಷವಾದರೂ.

ಗಂಗೆ ಆ ಮಾತು ಕೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಮೊಣಕಾಲಿಗೆ ಬಾವು, ಅಂಗಳ ದಾಟುವುದೇ ಕಷ್ಟ. ಜಟ್ಟು ತಲೆ ಕೆರೆದುಕೊಂಡು, "ಭತ್ತ ಗದ್ದೆಯಾಗೇ ನಿಂತದೆ," ಎಂದ. ಭತ್ತ ನಿಂತದ್ದು ಹೌದು, ಆದರೆ ದೋಣಿ ಕಂಡರೆ ಅವನ ಹೊಟ್ಟೆ ತೊಳಸುತ್ತಿದ್ದದ್ದೂ ಹೌದು. ಹೊಳೆದಂಡೆಯಲ್ಲಿ ಹುಟ್ಟಿ ಹೊಳೆಗೆ ಹೆದರುವ ಗಂಡಸು, ಅವನ ಪುಣ್ಯ! ಆಗ ಬಾಗಿಲ ಹಿಂದಿನಿಂದ ಬೊಮ್ಮುವಿನ ಹೆಂಡತಿ ಹೊನ್ನು, "ನಾ ಹೋತೆ," ಎಂದಳು.

ಎಲ್ಲರೂ ಅವಳನ್ನು ನೋಡಿದರು. ಗಂಡನಿಗಾಗಿ ಹೊರಟಳು ಎಂದು ಊರು ಹೊಗಳಿತು. ಹೊಗಳಲಿ, ತಪ್ಪೇನಿಲ್ಲ. ಆದರೆ ಹೊನ್ನುವಿನ ಮನಸ್ಸಿನಲ್ಲಿ ದುಃಖದ ಪಕ್ಕದಲ್ಲೇ ಇನ್ನೊಂದು ಆಸೆ ಕೂತಿತ್ತು, ಅದನ್ನು ಮುಚ್ಚಿಟ್ಟು ಕಥೆ ಹೇಳುವುದು ನನಗಾಗದು. ಅವಳಿಗೆ ಮುಂಬಯಿ ನೋಡಬೇಕಿತ್ತು. ಆರು ವರ್ಷದಲ್ಲಿ ಬೊಮ್ಮು ಊರಿಗೆ ಬಂದದ್ದು ನಾಲ್ಕು ಸಲ. ಬಂದಾಗಲೆಲ್ಲ ಹೆಂಡತಿಯ ಸುಖದುಃಖ ಕೇಳಿದ್ದಕ್ಕಿಂತ ಆ ಊರಿನ ಸುದ್ದಿ ಹೇಳಿದ್ದೇ ಹೆಚ್ಚು. ಹಳಿಯ ಮೇಲೆ ಓಡುವ ಗಾಡಿ, ರಸ್ತೆಯುದ್ದ ಉರಿಯುವ ದೀಪ, ಒಂದು ಅಂಗಡಿಯ ಮುಂದೆ ಹತ್ತು ಭಾಷೆ. "ಅಲ್ಲಿ ನೀ ಯಾರ ಮಗ, ಯಾವ ಕೇರಿಯಂವ ಅಂತ ಒಬ್ಬನೂ ಕೇಳೂದಿಲ್ಲ ಮಾರಾಯ್ತಿ," ಎಂದು ಅವನು ಹೇಳುವಾಗ ಅವನ ಮುಖವೇ ಬೇರೆಯಾಗುತ್ತಿತ್ತು. ಆ ಮುಖವನ್ನು ಕಂಡು ಹೊನ್ನುವಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸವತಿಯನ್ನು ನೋಡಬೇಕು ಅನ್ನಿಸುತ್ತದಲ್ಲ, ಹಾಗೆ ಆ ಊರನ್ನು ನೋಡಬೇಕು ಅನ್ನಿಸುತ್ತಿತ್ತು.

ದೀಪಾವಳಿಗೆ ಊರಿಗೆ ಬಂದಿದ್ದ ಶಾಂತಾರಾಮನ ಜೊತೆಗೆ ಕಾರವಾರದಲ್ಲಿ ಅವಳು ಆಗಬೋಟು ಎನ್ನುವ ಉಗಿಹಡಗು ಹತ್ತಿದಳು. ಮುಂಬಯಿಯಲ್ಲಿ ಅವನೂ ಅವನ ಹೆಂಡತಿ ರುಕ್ಮಿಣಿಯೂ ಗಿರಗಾಂವದ ಚಾಳಿನ ಒಂದು ಖೋಲಿಯಲ್ಲಿದ್ದರು. ಕರೆಯುವ ಕೆಲಸಕ್ಕೆ ಸುಕ್ರ ಗೊತ್ತುಮಾಡಿದ್ದ ದಿನ ಬರಲು ಇನ್ನೂ ಮೂರು ದಿನವಿತ್ತು. ಆ ಮೂರು ದಿನ ರುಕ್ಮಿಣಿ ಅವಳ ಕೈಹಿಡಿದು ಊರೆಲ್ಲ ತಿರುಗಿಸಿದಳು.

ಮುಂಬಯಿ ನೋಡಿ ಬಂದವರು ಬುರುಡೆ ಬಿಡುತ್ತಾರೆ ಎಂದು ಮಂಜಗುಣಿಯಲ್ಲಿ ಒಂದು ನಂಬಿಕೆ. ನಿಜ ಹೇಳಿದರೂ ಬುರುಡೆಯಂತೆಯೇ ಕೇಳಿಸುವ ಊರು ಮುಂಬಯಿ, ಹೇಳುವವರಾದರೂ ಏನು ಮಾಡಬೇಕು? ಚಾಳಿನ ಒಂದು ಮಾಳಿಗೆಯಲ್ಲಿ ಸಾರಸ್ವತರು, ಮೇಲೆ ಘಾಟಿಯ ಮರಾಠರು, ಕೆಳಗೆ ಗೋವೆಯ ಕಿರಿಸ್ತಾನರು, ಮೆಟ್ಟಿಲ ಸಂದಿಯಲ್ಲಿ ಯಾವ ದೇಶದವನೆಂದು ಯಾರಿಗೂ ಗೊತ್ತಿಲ್ಲದ ಗಡಿಯಾರ ರಿಪೇರಿಯವನು. ಎಲ್ಲರಿಗೂ ಒಂದೇ ನಳ. ನೀರಿಗೆ ಜಗಳವಾಡುವಾಗ ನಾಲ್ಕು ಭಾಷೆ, ಮಗು ಬಿದ್ದು ಅತ್ತರೆ ನಾಲ್ಕು ಮಾಳಿಗೆಯಿಂದಲೂ ಓಡಿ ಬರುವವರು. ಬೀದಿಯಲ್ಲಿ ಮಿರಮಿರ ಟೊಪ್ಪಿಗೆಯ ಪಾರಸಿ ಮುದುಕರು, ಮುಖ ಮುಚ್ಚಿದ ಬೋಹರಿ ಹೆಂಗಸರು, ಕಣ್ಣಿಗೆ ಕಾಡಿಗೆ ತೀಡಿದ ಪಠಾಣರು, ಬೆನ್ನ ಮೇಲೆ ರೇಶಿಮೆಯ ಗಂಟು ಹೊತ್ತ ಚೀನದವನು. ಹೊನ್ನು ಬಾಯಿ ತೆರೆದುಕೊಂಡು ನೋಡಿದಳು. ಅವಳನ್ನು ಮಾತ್ರ ಯಾರೂ ನೋಡಲಿಲ್ಲ. ಮಂಜಗುಣಿಯಲ್ಲಿ ಗಂಡ ಸತ್ತವಳು ಎದುರು ಬಂದರೆ ಜನ ಒಂದು ಕ್ಷಣ ನಿಂತು ಹೋಗುತ್ತಿದ್ದರು. ಇಲ್ಲಿ ಆ ಕ್ಷಣವೇ ಇರಲಿಲ್ಲ. ಎರಡನೆಯ ದಿನ ಟ್ರಾಮಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾಗ, ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಳು. ನಕ್ಕು, ಗಾಬರಿಯಾಗಿ, ರುಕ್ಮಿಣಿಯ ಮುಖ ನೋಡಿದಳು.

"ನಗು ಮಾರಾಯ್ತಿ," ಎಂದಳು ರುಕ್ಮಿಣಿ. "ಇಲ್ಲಿ ಯಾರಿಗೆ ಪುರಸೊತ್ತು ಆಡ್ಕೊಳ್ಳೂಕೆ?"

ನಾಲ್ಕನೆಯ ದಿನ ಬೆಳಗ್ಗೆ ಶಾಂತಾರಾಮ ಅವಳನ್ನು ಆ ರಸ್ತೆಗೆ ಕರೆದೊಯ್ದ. ಮೂಲೆಯಲ್ಲಿ ಒಬ್ಬ ಇರಾಣಿಯ ಚಹದಂಗಡಿ, ಎದುರಿಗೆ ಬೋಹರಿಯ ಕಬ್ಬಿಣದಂಗಡಿ, ನಡುವೆ ಕೆಳಗಿಳಿಯುವ ಕಲ್ಲುಹಾಸಿನ ರಸ್ತೆ. ಇರಾಣಿ ಗಲ್ಲೆ ಬಿಟ್ಟು ಹೊರಗೆ ಬಂದು, ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದ.

"ಕಾರವಾರಿ ಒಳ್ಳೆ ಮನುಷ್ಯ ಇದ್ದ ಅಂತಾನೆ," ಎಂದ ಶಾಂತಾರಾಮ. "ಇಲ್ಲಿ ಎಲ್ಲರೂ ಅವನಿಗೆ ಕಾರವಾರಿ ಅಂತ್ಲೇ ಕರೀತಿದ್ರು ವೈನಿ. ಹೆಸರು ಯಾರಿಗೂ ಗೊತ್ತಿಲ್ಲ."

ಬೋಹರಿ ಅಂಗಡಿಯವನು ಒಂದು ತಂಬಿಗೆ ನೀರು ತಂದು, ಕಲ್ಲಿನ ಮೇಲೆ ಸುರಿದು, ಇಲ್ಲೇ ಎಂದು ತೋರಿಸಿದ. ತೋರಿಸಿ, ದೂರ ಸರಿದು ನಿಂತ. ಹೊನ್ನು ಕಾಯಿಯನ್ನು ಎದೆಗೊತ್ತಿ ಹಿಡಿದು ಆ ಒದ್ದೆ ಕಲ್ಲಿನ ಪಕ್ಕ ನಿಂತಳು. ಕೈಗಾಡಿಗಳು, ಹಮಾಲರು, ಕುದುರೆಗಾಡಿಗಳು ಅವಳ ಎರಡೂ ಬದಿಯಿಂದ ಹೋಗುತ್ತಲೇ ಇದ್ದವು. ಈಗ ಕರೆಯಬೇಕು. ಅವಳು ಬಾಯಿ ತೆರೆದಳು.

ಹೆಸರು ಬರಲಿಲ್ಲ.

ನೋಡಿ, ಎಂಥ ಎಡವಟ್ಟು! ಮದುವೆಯಾಗಿ ಹನ್ನೊಂದು ವರ್ಷ, ಗಂಡನ ಹೆಸರನ್ನು ಅವಳು ಒಂದು ದಿನವೂ ಬಾಯಲ್ಲಿ ಹೇಳಿರಲಿಲ್ಲ. ಯಾವ ಹೆಂಗಸು ಹೇಳುತ್ತಿದ್ದಳು ಆಗ? ಸುಕ್ರ ಕಟ್ಟಳೆಯೆಲ್ಲ ಹೇಳಿದ, ಗಂಗೆ ತಲೆಯಾಡಿಸಿದಳು, ಜಟ್ಟು ಕಾಯಿ ಆರಿಸಿ ಕೊಟ್ಟ. ಕರೆಯುವವಳು ಹೆಂಡತಿ, ಅವಳ ನಾಲಿಗೆಗೆ ಆ ಹೆಸರೇ ಇಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ, ಅವಳಿಗೂ. ಅವಳು ತುಟಿ ಕೂಡಿಸಿದಳು, ಬಿಡಿಸಿದಳು. ಹೇಳಿದರೆ ಅವನು ಸತ್ತದ್ದು ತನ್ನ ಬಾಯಿಂದಲೇ ಖಾತ್ರಿಯಾಗುತ್ತದೆ ಎಂಬ ಇನ್ನೊಂದು ಹೆದರಿಕೆಯೂ ಒಳಗಿತ್ತು. ಕಡೆಗೆ, ಗದ್ದೆಯ ಬದುವಿನಲ್ಲಿ ನಿಂತು ಅವನನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆಯೇ ಕರೆದಳು.

"ಹೋಯ್, ಕೇಳ್ತಾ? ಮನಿಗೆ ಬನ್ನಿ."

ಮೂರು ಸಲ ಕರೆದಳು. ಮೂರನೆಯ ಸಲಕ್ಕೆ ದನಿ ಒಡೆದು ಜೋರಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಏಳೆಂಟು ಜನ ತಿರುಗಿ ನೋಡಿದರು. ಪೇಟದ ಶೇಟ ಒಬ್ಬ, ಹಮಾಲರಿಬ್ಬರು, ಹಾಲಿನ ಕೊಡದ ಭಯ್ಯಾ. ತಮ್ಮನ್ನಲ್ಲ ಎಂದು ತಿಳಿದು ಎಲ್ಲರೂ ಮುಂದೆ ಹೋದರು. ಹೊನ್ನುವಿನ ಕೈಯಲ್ಲಿದ್ದ ಕಾಯಿ ಒಮ್ಮೆಗೇ ಭಾರವಾಯಿತು. ಬೆನ್ನ ಹಿಂದೆ, ಒಂದು ಮಾರು ದೂರದಲ್ಲಿ, ಯಾರೋ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು. ತಿರುಗಿ ನೋಡುವ ಹಾಗಿರಲಿಲ್ಲ.

ಆ ಸಂಜೆಯೇ ಆಗಬೋಟು. ರುಕ್ಮಿಣಿ ತಂಗಿಯ ಮದುವೆಗೆಂದು ಕಾರವಾರಕ್ಕೆ ಹೊರಟವಳು ಜೊತೆಗಿದ್ದಳು. ಕೇಳಿದವರಿಗೆಲ್ಲ, "ಅವಳದ್ದು ಹರಕೆ, ಮಾತಾಡೂದಿಲ್ಲ," ಎಂದು ಅವಳೇ ಹೇಳುತ್ತಿದ್ದಳು. ಹೊನ್ನು ಡೆಕ್ಕಿನ ಮೂಲೆಯಲ್ಲಿ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮುಂಬಯಿಯ ದೀಪಗಳು ಸಣ್ಣದಾಗುತ್ತ ಹೋಗುವುದನ್ನು ಎಲ್ಲರೂ ಕಟಕಟೆಗೆ ಒರಗಿ ನೋಡುತ್ತಿದ್ದರು. ಅವಳಿಗೆ ಹಿಂದೆ ನೋಡುವ ಹಾಗಿಲ್ಲ. ಸಂಕಟವಾಯಿತು. ಆ ಊರು ಅವಳಿಗೆ ಅಷ್ಟು ಹಿಡಿಸಿಬಿಟ್ಟಿತ್ತು.

ಕಾರವಾರದಲ್ಲಿ ದೋಣಿಯಿಂದ ಇಳಿದು ನಡೆಯತೊಡಗಿದಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಹಿಂದಿದ್ದವನು ಹಿಂದೆಯೇ ಬರುತ್ತಿದ್ದ. ಬೊಮ್ಮು ಎಂದೂ ಹೆಂಡತಿಯ ಹಿಂದೆ ನಡೆದವನಲ್ಲ. ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು, "ಬಾರೇ, ಕಾಲಿಗೆ ಬೇರು ಬಂತಾ?" ಎಂದು ಬೈಯುವವನು. ಇವನು ಹೊಸಬರ ಮನೆಗೆ ಹೋಗುವವನ ಹಾಗೆ, ದಾರಿ ಗೊತ್ತಿಲ್ಲದವನ ಹಾಗೆ, ಅವಳು ನಿಂತರೆ ನಿಂತು, ನಡೆದರೆ ನಡೆದು ಬರುತ್ತಿದ್ದ. ಅಂಕೋಲೆಯವರೆಗೆ ಮೋಟಾರಿನಲ್ಲಿ, ಅಲ್ಲಿಂದ ಮಂಜಗುಣಿಯವರೆಗೆ ಕಾಲ್ನಡಿಗೆಯಲ್ಲಿ, ಹೊನ್ನು ಒಂದೇ ಮಾತನ್ನು ಮನಸ್ಸಿನಲ್ಲಿ ತಿರುವಿದಳು: ಹೆಸರಿಲ್ಲದೆ ಕರೆದೆ, ಯಾರನ್ನು ಕರೆದೆ? ಹೋಗಿ ಮತ್ತೆ ಕರೆಯೋಣವೆಂದರೆ ಎದುರಿಗೆ ಮನೆ ಬಂದಿತ್ತು.

ಹೊಸ್ತಿಲ ಒಳಗೆ ಗಂಗೆ ಗೋಡೆ ಹಿಡಿದು ನಿಂತಿದ್ದಳು. ಎಷ್ಟು ಸೊರಗಿದ್ದಳೆಂದರೆ ಹೊನ್ನುವಿಗೆ ಗುರುತೇ ಹತ್ತಲಿಲ್ಲ. ಮಗ ಬರುವತನಕ ಗಂಜಿಯ ತಿಳಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಕೂತಿದ್ದಳಂತೆ. ಜಟ್ಟುವಿನ ಹೆಂಡತಿ ಕಾಮಿ ಅತ್ತು ಕರೆದರೂ ಕೇಳಿರಲಿಲ್ಲ.

"ಬಂದ್ಯಾ ಮಗಾ?" ಎಂದು ಕೇಳಿದಳು.

ಗೊತ್ತಿಲ್ಲ ಅತ್ತೆ ಎಂದರೆ ಆ ಮುದುಕಿ ಅಲ್ಲೇ ಕುಸಿಯುತ್ತಿದ್ದಳು. ಹೊನ್ನು ಕಣ್ಣು ಮುಚ್ಚಿ, "ಬಂದೆ," ಎಂದಳು.

ಆ ರಾತ್ರಿ ಗಂಗೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಏನೂ ಆಗಲಿಲ್ಲ ಎಂದು ಜಟ್ಟು ಹೇಳಿಯಾನು. ಅವನಿಗೇನು ಗೊತ್ತು? ಬೊಮ್ಮು ಮನೆಗೆ ಬಂದರೆ ಅಂಗಳದಿಂದಲೇ ಕೂಗಿಕೊಂಡು ಬರುತ್ತಿದ್ದ. ಈಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೇಲೆ ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಒಳಗೆ ಬರಬಹುದೇ ಎಂದು ಕೇಳುವ ಹಾಗೆ. ಹೊನ್ನು ಹೋಗಿ ನೋಡಿದರೆ ಜಗಲಿ ಬರಿದು. ಗಂಧದ ಎಣ್ಣೆಯಂಥ ಒಂದು ವಾಸನೆ, ಅಷ್ಟೆ. ಬೊಮ್ಮುವಿನ ಕಾಲಬುಡದಲ್ಲೇ ಬೆಳೆದ ನಾಯಿ ಒಳಮನೆಯ ಮೂಲೆಯನ್ನು ನೋಡಿ ಬೊಗಳಲೂ ಇಲ್ಲ, ಬಾಲವನ್ನೂ ಆಡಿಸಲಿಲ್ಲ. ಹೊಸಬರನ್ನು ನೋಡುವ ಹಾಗೆ ತಲೆ ಓರೆಮಾಡಿ ನೋಡುತ್ತಿತ್ತು. ಹೊನ್ನುವಿಗೆ ಒಳಮನೆಗೆ ಹೋಗುವುದೆಂದರೆ ಹೆದರಿಕೆಯಾಗುತ್ತಿತ್ತು. ಹಾಗೆಂದು ಆ ಹೆದರಿಕೆ ಕೆಟ್ಟದ್ದರ ಹೆದರಿಕೆಯಾಗಿರಲಿಲ್ಲ. ಪರಗಂಡಸಿನ ಎದುರು ಸೆರಗು ಸರಿಮಾಡಿಕೊಳ್ಳುವಂಥ ಮುಜುಗರ ಅದರಲ್ಲಿ ಬೆರೆತಿತ್ತು.

ಅಮಾವಾಸ್ಯೆ ಬಂತು. ಎಲೆ ಇಟ್ಟು ಗಂಗೆ ಕೈಮುಗಿಯುವಷ್ಟರಲ್ಲಿ ಕಾಗೆಗಳು ಇಳಿದವು. ಕಾಮಿ ಸಂತೋಷಕ್ಕೆ ಕೂಗಿಯೇಬಿಟ್ಟಳು. ಅನ್ನ ಒಂದು ಅಗುಳು ಬಿಡದೆ ಹೋಯಿತು. ಬೆಲ್ಲದ ಪಾಯಸ ಹೋಯಿತು. ಬಂಗಡೆ ಮಾತ್ರ ಎಲೆಯ ತುದಿಯಲ್ಲಿ ಇಟ್ಟಂತೆ ಉಳಿಯಿತು. ಮಂಜಗುಣಿಯ ಕಾಗೆ ಮೀನು ಬಿಡುವುದೆಂದರೇನು! ಜಟ್ಟು, "ಹೊಟ್ಟೆ ತುಂಬಿರ್ಬೇಕು," ಎಂದ. ಬೊಮ್ಮುವಿಗೆ ಮೀನಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ ಎಂಬುದು ಆ ಮನೆಯ ಗೋಡೆಗಳಿಗೂ ಗೊತ್ತಿತ್ತು.

ಮುಂದಿನ ಅಮಾವಾಸ್ಯೆಗೆ ನೊಗಲಿ ಮೀನು ಸಿಕ್ಕಿತು, ಬೊಮ್ಮುವಿನ ಜೀವದಂಥ ಮೀನು. ಹೊನ್ನು ಅದನ್ನು ಹುರಿಯುವಾಗ ಮನಸ್ಸಿನಲ್ಲೇ ಬೇಡಿಕೊಂಡಳು, ಇದೊಂದು ಸಲ ತಿನ್ನಿ, ನೀವೇ ಎಂದು ತಿಳಿಯುತ್ತೇನೆ ಎಂದು. ಕಾಗೆಗಳು ಬಂದವು. ಅನ್ನ ತಿಂದವು, ಪಾಯಸ ತಿಂದವು, ಮೀನಿಗೆ ಕೊಕ್ಕು ತಾಗದ ಹಾಗೆ ಸುತ್ತಿ ಬಂದು ಹಾರಿಹೋದವು. ಜಟ್ಟುವೂ ಕಾಮಿಯೂ ಗದ್ದೆಗೆ ಹೋಗಿ ಅತ್ತೆ ಸೊಸೆ ಇಬ್ಬರೇ ಉಳಿದ ಮೇಲೆ ಹೊನ್ನು ಎಲೆಯ ಮುಂದೆ ಕುಸಿದು ಕೂತು ಗೋಳೋ ಎಂದು ಅತ್ತಳು.

"ಅತ್ತೆ, ನಾ ನಿಮ್ಮ ಮಗನ್ನ ತರ್ಲಿಲ್ಲ," ಎಂದಳು. "ಹೆಸರು ಹೇಳೂಕೆ ಬಾಯಿ ಬರ್ಲಿಲ್ಲ. ಹೋಯ್ ಅಂತ ಕರ್ದೆ. ಯಾರೋ ಬಂದ್ರು. ಯಾರು ಏನು ಅಂತ ನಂಗೆ ಗೊತ್ತಿಲ್ಲ. ಹೊಸ್ತಿಲಾಗೆ ಸುಳ್ಳು ಹೇಳ್ದೆ. ನಿಮ್ಮ ಮಗ ಅಲ್ಲೇ ಉಪಾಸ ನಿಂತಾರೆ, ಇಲ್ಲಿ ಪರದೇಶಿ ಒಬ್ಬ ಉಣ್ತಾ ಅದಾನೆ. ನಂಗೆ ಹೊಡೀರಿ."

ಗಂಗೆ ಹೊಡೆಯಲಿಲ್ಲ. ಮೊಣಕಾಲು ಸವರಿಕೊಂಡು ಅವಳ ಪಕ್ಕದಲ್ಲಿ ಕೂತಳು.

"ನಂಗೆ ಅವತ್ತೇ ಗೊತ್ತಾಗಿತ್ತು ತಂಗಿ," ಎಂದಳು. "ಹೊಸ್ತಿಲು ದಾಟೂಕೆ ಮೊದಲು ಅಂವ ನಿಂತ. ನನ್ನ ಮಗ ಯಾವಾಗ ನಿಂತಿದ್ದ? ನುಗ್ಗೇ ಬರ್ತಿದ್ದ."

ಹೊನ್ನು ಅಳು ನಿಲ್ಲಿಸಿ ಅತ್ತೆಯ ಮುಖ ನೋಡಿದಳು. "ಮತ್ತೆ ಯಂತಕೆ ಒಳಗೆ ಕರ್ಕಂಡ್ರಿ? ಯಂತಕೆ ಉಂಡ್ರಿ?"

"ಬಾಗಿಲಾಗೆ ನಿಂತಂವಂಗೆ ಹೋಗು ಅನ್ನೂದಾ? ಅಷ್ಟು ದೂರದಿಂದ, ಸಮುದ್ರ ದಾಟಿ ಬಂದಾನೆ. ಯಾರೋ ಹೋಯ್ ಅಂದಿದ್ದಕ್ಕೇ ಎದ್ದು ಬಂದಾನೆ ಅಂದ್ರೆ, ಅವನಿಗೆ ಕರೆಯೂಕೆ ಯಾರೂ ಇಲ್ಲ ಅಂತಲ್ವಾ? ನನ್ನ ಮಗ ಆರು ವರ್ಷ ಅವರೂರಾಗೆ ಇದ್ದ. ನೀ ಯಾರು ಅಂತ ಕೇಳ್ಲಿಲ್ಲಂತೆ ಯಾರೂ. ಅದೊಂದು ಮಾತು ಎಷ್ಟು ಸಲ ಹೇಳಿದ್ದ! ಈಗ ನಾ ಕೇಳೂದಾ?"

ಅವಳು ಮೀನಿದ್ದ ಎಲೆಯ ತುದಿಯನ್ನು ಹರಿದು ಪಕ್ಕಕ್ಕಿಟ್ಟಳು. ಮೀನು ತಿನ್ನದವರು ಆ ಊರಲ್ಲಿ ಏನು ತಿನ್ನುತ್ತಾರೆ ಎಂದು ಕೇಳಿದಳು. ಹೊನ್ನು ಮೂಗು ಒರೆಸಿಕೊಂಡು, ಬೇಳೆ, ಗೋಧಿಯ ರೊಟ್ಟಿ, ತುಪ್ಪ ಎಂದಳು. ಗೋಧಿಗೆ ಅಂಕೋಲೆಯ ಪೇಟೆಗೇ ಹೋಗಬೇಕು, ಜಟ್ಟುವಿಗೆ ಏನಾದರೊಂದು ನೆಪ ಹೇಳಿ ತರಿಸೋಣ ಎಂದಳು ಗಂಗೆ. ಮನೆಗೆ ನೆಂಟರು ಬಂದಾಗ ಹೇಳುವಂತೆಯೇ ಹೇಳಿದಳು.

ಹೊನ್ನುವಿಗೆ ಮಾತ್ರ ಇನ್ನೊಂದು ಮಾತು ಕೇಳದೆ ಇರಲಾಗಲಿಲ್ಲ. "ಮತ್ತೆ ನಮ್ಮವರು?"

ಗಂಗೆಯ ಮುಖದಲ್ಲಿ ಅದುವರೆಗೆ ಇದ್ದ ಗಟ್ಟಿತನ ಹೋಯಿತು. ಅಂಗಳದಾಚೆ ಹೊಳೆ, ಹೊಳೆಯಾಚೆ ಸಮುದ್ರ, ಅವಳ ಕಣ್ಣು ಅಲ್ಲಿಗೆ ಹೋಯಿತು.

"ಅವ್ನಿಗೂ ಯಾರಾದ್ರೂ ಬಡಿಸ್ತ್ರು," ಎಂದಳು. "ಅಷ್ಟು ಜನ ಇದ್ದ ಊರು." ಸೊಸೆಯ ಕೈಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. "ಬಡಿಸ್ತ್ರು ಅಲ್ವನೇ ಹೊನ್ನು? ನೀ ಕಣ್ಣಾರೆ ನೋಡ್ಕಂಡು ಬಂದೀಯಲ್ಲ. ನಾ ನೋಡ್ಲಿಲ್ಲ. ಬಡಿಸ್ತ್ರಾ?"

ಹೊನ್ನುವಿಗೆ ಆ ರಸ್ತೆ ಕಣ್ಣಿಗೆ ಕಟ್ಟಿತು, ಒಬ್ಬರ ಮೈಗೆ ಒಬ್ಬರು ತಾಗಿಕೊಂಡು, ಒಬ್ಬರನ್ನೊಬ್ಬರು ನೋಡದೆ ಹೋಗುತ್ತಿದ್ದ ಆ ಸಾವಿರಾರು ಜನ. ಅವರ ನಡುವೆ ಯಾರು ನಿಲ್ಲುತ್ತಾರೆ, ಯಾರು ಎಲೆ ಹಾಕುತ್ತಾರೆ, ಅವಳಿಗೆ ಹೇಗೆ ಗೊತ್ತು?

"ಬಡಿಸ್ತ್ರು ಅತ್ತೆ," ಎಂದಳು. "ಅಲ್ಲಿ ಜನ ಒಳ್ಳೆಯವರು."

ಗಂಗೆ ಅವಳ ಕೈ ಬಿಡಲಿಲ್ಲ. "ಇನ್ನೊಂದು ಸಲ ಹೇಳು," ಎಂದಳು.